ಹಸಿರು ಬಣ್ಣಕ್ಕೆ ತಿರುಗಿದ ಕಡತಗಳು

ಮಾದಯ್ಯ ಮೇಷ್ಟ್ರು ಮೂರು ವರ್ಷ ಹೇಳಿ ಬರೆಸಿದ್ದನ್ನೆಲ್ಲ ಹಾಳು ಮಾಡಿದವನು ನಾನು. ಅವರ ಹೆಂಡತಿ ಗೌರಮ್ಮನವರಲ್ಲ. ಇಷ್ಟು ವರ್ಷ ಆ ತಪ್ಪನ್ನು ಆಕೆಯ ತಲೆಗೆ ಕಟ್ಟಿ, ನಂಜನಗೂಡಿನಲ್ಲಿ ಅಂಗಡಿ ನಡೆಸಿಕೊಂಡು, ಬಂದವರಿಗೆಲ್ಲ ಬುದ್ಧಿ ಹೇಳಿಕೊಂಡು ನೆಮ್ಮದಿಯಾಗಿದ್ದೆ — ನೆಮ್ಮದಿ ಅನ್ನುವುದೂ ಪೂರ್ತಿ ನಿಜವಲ್ಲ, ಆದರೆ ಅದನ್ನು ಹೇಳಿ ಕನಿಕರ ಗಿಟ್ಟಿಸುವುದು ಬೇಡ.

ನಾನು ಕವಲಂದೆಯವನು. ತೊಂಬತ್ತರ ದಶಕದಲ್ಲಿ ನಂಜನಗೂಡಿಗೆ ಬಂದು ಮೊದಲು ಎಸ್‌ಟಿಡಿ ಬೂತಿನಲ್ಲಿ ಕೂತೆ, ಆಮೇಲೆ ಮದುವೆ ಕರೆಯೋಲೆ ಟೈಪ್ ಮಾಡಿದೆ, ಆಮೇಲೆ ಕಂಪ್ಯೂಟರ್ ಜೋಡಿಸಿ ಮಾರತೊಡಗಿದೆ. ಯಾವ ಕೋರ್ಸೂ ಮಾಡಿದವನಲ್ಲ, ನೋಡಿ ಕಲಿತದ್ದು. ಮೈಸೂರಿನ ಅಂಗಡಿಗಳಲ್ಲಿ ಒಂದು ಮೌಸಿಗೆ ಅರ್ಧ ಗಂಟೆ ಚೌಕಾಸಿ ಮಾಡುತ್ತಿದ್ದೆ. ರಿಪೇರಿಯಲ್ಲಿ ಮಾತ್ರ ನನಗೆ ಗೊತ್ತಿದ್ದದ್ದು ಒಂದೇ ಮದ್ದು. ಹಾರ್ಡ್‌ಡಿಸ್ಕನ್ನು ಎರಡು ಪಾಲು ಮಾಡಿ, ಯಂತ್ರ ನಡೆಸುವ ಸಾಮಾನನ್ನು ಸಿ ಡ್ರೈವಿನಲ್ಲೂ ಗಿರಾಕಿಯ ಕೆಲಸವನ್ನು ಡಿ ಡ್ರೈವಿನಲ್ಲೂ ಇಡುವುದು ಆಗಿನ ರೂಢಿ. ಕಂಪ್ಯೂಟರ್ ನಿಧಾನವೇ? ಸಿ ಡ್ರೈವ್ ಅಳಿಸಿ ಹೊಸದಾಗಿ ವಿಂಡೋಸ್ ಹಾಕು. ವೈರಸ್ಸೇ? ಅದಕ್ಕೂ ಅದೇ. "ಡಿ ಡ್ರೈವ್‌ನಲ್ಲಿರೋದು ಎಲ್ಲೂ ಹೋಗಲ್ಲ ಕಣ್ರೀ" — ದಿನಕ್ಕೆ ಹತ್ತು ಸಲ ಈ ಮಾತು ಹೇಳುತ್ತಿದ್ದೆ. ನಮ್ಮ ಕಡೆಯ ಅಂಗಡಿಯವರೆಲ್ಲ ಹೇಳುತ್ತಿದ್ದರು.

ಮೇಷ್ಟ್ರು ಪ್ರೈಮರಿ ಸ್ಕೂಲಿನಿಂದ ನಿವೃತ್ತರಾಗಿ ತಿ. ನರಸೀಪುರದಲ್ಲಿ ಮನೆ ಮಾಡಿದ್ದರು. ನನ್ನಿಂದಲೇ ಒಂದು ಕಂಪ್ಯೂಟರ್ ಕೊಂಡರು. ಆ ಮನೆಯ ಮಧ್ಯಾಹ್ನಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಮುಂದಿನ ಕೋಣೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ದಪ್ಪ ಮಾನಿಟರು, ಅದಕ್ಕೊಂದು ಕಸೂತಿ ಬಟ್ಟೆ. ಮೇಷ್ಟ್ರಿಗೆ ಕಣ್ಣು ಮಂಜು. ಅವರು ಆರಾಮ ಕುರ್ಚಿಯಲ್ಲಿ ಒರಗಿ ಹೇಳುವರು. ಅಂಗನವಾಡಿಯಲ್ಲಿ ಕೆಲಸ ಮಾಡಿ ಬಿಟ್ಟಿದ್ದ ಗೌರಮ್ಮನವರು ಎರಡೇ ಬೆರಳಲ್ಲಿ ಕುಟ್ಟುವರು. ತಮ್ಮ ಕೇರಿಯ ಕಥೆ, ತಾಯಿಯ ಕಥೆ, ಯಾವ ಬಾವಿಗೆ ಯಾರು ಹೋಗಬಾರದಿತ್ತು ಅನ್ನುವ ಕಥೆ. ನಡುನಡುವೆ ಜಗಳ ಬೇರೆ.

"ಅಂಗಲ್ಲ ಕಣ್ರೀ, ಅವತ್ತು ನಿಮ್ಮವ್ವ ತಕ್ಕೋಗಿದ್ದು ಬಿಂದ್ಗೆ ಅಲ್ಲ, ಮಡ್ಕೆ."

"ನೀನು ಹುಟ್ಟಿದ್ಯೇನೇ ಆಗ?"

"ಉಟ್ಟಿಲ್ದಿದ್ರೇನು? ಅತ್ತೆ ಯೋಳಿದ್ದ ನಾ ಮರ್ತಿಲ್ಲ. ನೀವು ಮರ್ತಿದ್ದೀರಿ. ಮುಂದುಕ್ಕೆ ಯೋಳಿ."

ಪ್ರಿಂಟರ್ ರಿಪೇರಿಗೆಂದು ಹೋದವನು ಕೆಲಸ ಮುಗಿದರೂ ಏಳದೆ ಕೂತು ಕೇಳಿದ್ದೇನೆ. ಬಸ್ಸು ತಪ್ಪಿಸಿಕೊಂಡಿದ್ದೇನೆ.

ಒಂದು ದಿನ ಮೇಷ್ಟ್ರು ಕೇಳಿದರು: "ಇದ್ರಲ್ಲಿ ಹೆಸರುಗಳವೆ ಕಣಪ್ಪ. ಬಾವಿ ಮುಟ್ಟಬೇಡಿ ಅಂದೋರ ಹೆಸರು, ಕದ್ದು ನೀರು ಸೇದಿಕೊಟ್ಟೋರ ಹೆಸರು. ಎಲ್ಲಾ ಬದುಕವ್ರೆ. ನನ್ನ ಕಾಲ ಆದ್ಮೇಲೆ ಅಚ್ಚಾಗ್ಲಿ. ಅಲ್ಲಿಗಂಟ ಬೇರೆಯೋರು ತೆಗೀದಂಗೆ ಬೀಗ ಹಾಕಕ್ಕಾಗುತ್ತಾ?"

ಆಗುತ್ತೆ ಎಂದೆ. ಯಾವುದೋ ಪುಸ್ತಕದಲ್ಲಿ ಓದಿದ್ದೆ. ಡಿ ಡ್ರೈವಿನಲ್ಲಿ ಅವರ ಬರಹವಿದ್ದ ಫೋಲ್ಡರಿನ ಮೇಲೆ ಒತ್ತಿ, ಒಂದು ಚೌಕಕ್ಕೆ ಟಿಕ್ ಹಾಕಿದೆ. ಒಳಗಿದ್ದ ಕಡತಗಳ ಹೆಸರೆಲ್ಲ ಕಪ್ಪಿನಿಂದ ಹಸಿರಿಗೆ ತಿರುಗಿದವು. "ಅರೆ, ಪೈರು ಎದ್ದಂಗೆ ಎದ್ಬುಡ್ತಲ್ಲ!" ಎಂದು ಗೌರಮ್ಮನವರು ನಕ್ಕರು. ನಾನೂ ಜಂಬದಿಂದ ನಕ್ಕೆ. ಆ ಬೀಗವನ್ನು ತಾನಾಗಿ ತೆರೆಯುವ ಕೀಲಿ ಸಿ ಡ್ರೈವಿನಲ್ಲಿ ಇರುತ್ತದೆ, ಅದು ಅಳಿದರೆ ಬೀಗ ಮತ್ತೆ ತೆರೆಯದು ಅನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವವನ ಹಾಗೆ ಮಾಡಿದೆ.

ಮುಂದಿನ ವರ್ಷ ಯಂತ್ರ ನಿಧಾನವಾಯಿತು. ಮೇಷ್ಟ್ರು ಸಿಪಿಯುವನ್ನು ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಂಜನಗೂಡಿಗೆ ತಂದರು. ನಾನು ನನ್ನ ಮದ್ದು ಹಾಕಿದೆ. ಡಿ ಡ್ರೈವ್ ಮುಟ್ಟಲಿಲ್ಲ, ಸಿ ಡ್ರೈವ್ ಅಳಿಸಿದೆ, ಮಧ್ಯಾಹ್ನಕ್ಕೆಲ್ಲ ವಾಪಸು ಕೊಟ್ಟೆ. ಮಾರನೆಯ ಬೆಳಿಗ್ಗೆ ಅವರ ಫೋನು — ಒಂದೂ ತೆರೆಯುತ್ತಿಲ್ಲ.

ಹೋಗಿ ನೋಡಿದೆ. ಕಡತಗಳೆಲ್ಲ ಇದ್ದವು. ಒಂದೊಂದನ್ನೂ ಒತ್ತಿದೆ, ಒಂದೊಂದಕ್ಕೂ ಅನುಮತಿ ಇಲ್ಲವೆಂಬ ಉತ್ತರ. ಆಗ ಹೊಳೆಯಿತು — ಬೀಗ ಹಾಕಿದವನೂ ನಾನೇ, ಕೀಲಿ ಅಳಿಸಿದವನೂ ನಾನೇ. ಗಿರಾಕಿಯ ಕೆಲಸವನ್ನೇ ಕಳೆಯುವವನು ಎಂಬ ಹೆಸರು ಬಂದರೆ ಅಂಗಡಿಗೆ ಯಾರು ಬರುತ್ತಾರೆ... ಗೌರಮ್ಮನವರ ಕಡೆ ತಿರುಗಿ ಕೇಳಿದೆ:

"ಅಮ್ಮಾ, ನೀವೇನಾದ್ರೂ ಒತ್ತಿದ್ರಾ?"

ರಿಪೇರಿಯವರ ಮಾಮೂಲಿ ಪ್ರಶ್ನೆ ಅದು. ಯೋಚಿಸಲು ಎರಡು ನಿಮಿಷ ಸಿಗಲಿ ಎಂದು ಕೇಳುವುದು, ಉತ್ತರಕ್ಕಲ್ಲ. ಆದರೆ ಆಕೆ ಉತ್ತರ ಹುಡುಕಿದರು. "ಬೆಳಿಗ್ಗೆ ತೆರೀನಿಲ್ಲ ಅಂತ ಅದೂ ಇದೂ ಒತ್ದೆ ಕಣಪ್ಪ... ಏನೋ ಒತ್ಬುಟ್ನೇನೋ."

ಇಲ್ಲಮ್ಮ, ಅದರಿಂದ ಏನೂ ಆಗುವುದಿಲ್ಲ — ಇಷ್ಟು ಹೇಳಬಹುದಿತ್ತು.

"ಅದಕ್ಕೇ ಲಾಕ್ ಆಗಿದೆ" ಅಂದೆ.

ಮೇಷ್ಟ್ರು ಬೈಯಲಿಲ್ಲ. ಕನ್ನಡಕ ತೆಗೆದಿಟ್ಟು ಹಿತ್ತಲಿಗೆ ಹೋದರು. ಗೌರಮ್ಮನವರು ಕೈ ಸೆರಗಿನೊಳಗೆ ಇಟ್ಟುಕೊಂಡು ನಿಂತೇ ಇದ್ದರು.

ಡಿಸ್ಕನ್ನು ಅಂಗಡಿಗೆ ತಂದು ವಾರಗಟ್ಟಲೆ ಕೂತೆ. ಅಳಿಸಿದ್ದನ್ನು ಹೆಕ್ಕುವ ಸಾಫ್ಟ್‌ವೇರ್‌ಗಳನ್ನೆಲ್ಲ ತಂದು ಓಡಿಸಿದೆ. ಕೀಲಿ ಇದ್ದ ಜಾಗದ ಮೇಲೆ ಹೊಸ ವಿಂಡೋಸ್ ಕೂತುಬಿಟ್ಟಿತ್ತು. ಮೈಸೂರಿನಲ್ಲಿ ಇಂಥದೇ ಕೆಲಸ ಮಾಡುವವನೊಬ್ಬನ ಬಳಿ ಒಯ್ದೆ. ನೋಡಿದವನೇ ಅಂದ: "ಬೀಗ ಗಟ್ಟಿಯಾಗೈತೆ, ಕೀನೇ ಸುಟ್ಟಾಕವ್ರೆ. ಯಾವ ಪುಣ್ಯಾತ್ಮ ರೀ ಫಾರ್ಮ್ಯಾಟ್ ಮಾಡಿದ್ದು?"

"ಗೊತ್ತಿಲ್ಲ. ಗಿರಾಕಿ ಮನೇಲಿ ಯಾರೋ" ಅಂದೆ. ಅಲ್ಲಿ ಹೇಳಿದ್ದರೆ ಏನು ಹೋಗುತ್ತಿತ್ತು? ಅವನು ನನಗೆ ಯಾರೂ ಅಲ್ಲ. ಆದರೂ...

ಕೊನೆಗೆ, ಟೈಪ್ ಮಾಡುವಾಗ ಕಂಪ್ಯೂಟರ್ ತಾನಾಗಿ ಅಲ್ಲಲ್ಲಿ ಬಿಟ್ಟಿದ್ದ, ಬೀಗ ಬೀಳದ ತುಣುಕುಗಳಿಂದ ಹದಿನಾರು ಪುಟ ಸಿಕ್ಕಿತು. ಮುನ್ನೂರಕ್ಕೆ ಹದಿನಾರು. ಪ್ರಿಂಟ್ ತೆಗೆದು ಕೊಟ್ಟೆ. ಮೇಷ್ಟ್ರು ನನ್ನ ಕೈ ಹಿಡಿದುಕೊಂಡು, "ಇಷ್ಟಾದ್ರೂ ಉಳಿಸಿದ್ಯಲ್ಲಪ್ಪ" ಎಂದರು. ಹೊರಡುವಾಗ ಗೌರಮ್ಮನವರು ಒಂದು ಚೀಲ ಅವರೆಕಾಯಿ ಕೊಟ್ಟರು. "ನಾ ಮಾಡಿದ್ ತಪ್ಗೆ ನೀ ಒದ್ದಾಡ್ದೆ" ಅಂದರು. ಇಸಕೊಂಡೆ. ಮನೆಯಲ್ಲಿ ಸಾರು ಮಾಡಿದರು. ಉಂಡೆ.

ಆಮೇಲೆ ಮೇಷ್ಟ್ರು ಎಷ್ಟು ಕರೆದರೂ ಆಕೆ ಕಂಪ್ಯೂಟರ್ ಮುಂದೆ ಕೂರಲಿಲ್ಲವಂತೆ. "ನನ್ ಕೈ ಸರಿಯಿಲ್ಲ, ಬುಡಿ." ಅವರ ಮೈದುನಂದಿರು ಮದುವೆ, ನಾಮಕರಣಗಳಲ್ಲಿ ಸಿಕ್ಕಾಗಲೆಲ್ಲ, "ನಮ್ಮಣ್ಣನ ಪುಸ್ತಕವ ಅತ್ಗೆಮ್ಮ ಒಂದೇ ಬೆಳ್ಳಲ್ಲಿ ಅಳಿಸಾಕ್ಬುಟ್ರು" ಎಂದು ನಗುತ್ತಿದ್ದರು. ಒಂದು ಸಲ ನನ್ನೆದುರೇ ನಕ್ಕರು. ನಾನು ಪಾಯಸ ಉಣ್ಣುತ್ತಾ ಕೂತಿದ್ದೆ. ಮೇಷ್ಟ್ರು ತೀರಿಹೋದರು, ಮತ್ತೊಂದು ಪುಟವೂ ಬರೆಸದೆ.

ಬೀಗ ಹಾಕಿಸುವ ಮುಂಚೆ ಕೀಲಿ ಎಲ್ಲಿರುತ್ತದೆ ಕೇಳಿ, ಎರಡು ಕಡೆ ಪ್ರತಿ ಇಡಿ, ರಿಪೇರಿಯವನ ಮಾತನ್ನು ಪೂರ್ತಿ ನಂಬಬೇಡಿ — ನೋಡಿ, ಮತ್ತೆ ಬುದ್ಧಿ ಹೇಳಲು ಹೊರಟೆ. ಬಿಡಿ.

ಹೋದ ತಿಂಗಳು ನರಸೀಪುರಕ್ಕೆ ಹೋಗಿ ಗೌರಮ್ಮನವರಿಗೆ ಎಲ್ಲ ಹೇಳಿದೆ. ಅಂಗಡಿಯ ಹೆಸರು ಕೆಡುತ್ತದೆ ಎಂದು ಹೆದರಿದ್ದನ್ನೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಆಕೆ ಅಂದದ್ದು ಇಷ್ಟೇ:

"ಅವ್ರು ಇದ್ದಾಗ ಯೋಳಿದ್ರೆ ಇನ್ನೊಂದ್ಸಲ ಬರೀತಿದ್ವಲ್ಲಪ್ಪ. ನನ್ಗೆಲ್ಲಾ ಬಾಯ್ಗೇ ಬತ್ತಿತ್ತು."

ಡಿಸ್ಕಿನಲ್ಲಿ ಹೋದದ್ದನ್ನಷ್ಟೇ ನಾನು ಇಷ್ಟು ವರ್ಷ ನಷ್ಟವೆಂದು ತಿಳಿದಿದ್ದೆ. ಅದು ಹೋದ ಮೇಲೂ ಇಬ್ಬರೂ ಇದ್ದರು, ಹೇಳುವ ಬಾಯಿ ಇತ್ತು, ಕುಟ್ಟುವ ಬೆರಳಿತ್ತು. ಅದನ್ನು ನಿಲ್ಲಿಸಿದ್ದು ನನ್ನ ಒಂದು ಮಾತು.

ಎದ್ದು ನಿಂತಾಗ ಕೇಳಿದರು: "ನನ್ಗೊಬ್ಳಿಗೆ ಯೋಳ್ಬುಟ್ಟು ಓಯ್ತೀಯಾ? ಬರೋ ಭಾನ್ವಾರ ಅವ್ರ ನೆನಪಿನ ದಿನ. ಮೈದುನಂದಿರು, ಅವ್ರ ಮಕ್ಳು, ಎಲ್ರೂ ಬತ್ತಾರೆ. ಅವ್ರ ಮುಂದೆ ಯೋಳು."

ಬರುತ್ತೇನೆ ಎಂದೆ. ಬಾಯಲ್ಲಿ ಹೇಳಲು ಹೋದರೆ ಎಲ್ಲಾದರೂ ಜಾರಿಕೊಂಡೇನು, ನನ್ನ ನಾಲಿಗೆ ನನಗೆ ಗೊತ್ತು, ಅದಕ್ಕೇ ಬರೆದಿಟ್ಟುಕೊಂಡೆ. ಭಾನುವಾರ ಇದನ್ನು ಅವರೆಲ್ಲರ ಮುಂದೆ ನಿಂತು, ಒಂದು ಸಾಲೂ ಬಿಡದೆ ಓದುತ್ತೇನೆ. ಊಟಕ್ಕೆ ಕೂರುವ ಮೊದಲು.