ಬಣ್ಣ ಬಿಟ್ಟ ಪಡಸಾಲೆ

ಅತ್ತಿಯ ಹಿಮ್ಮಡಿಯ ಬಿರುಕುಗಳಲ್ಲಿ ಕಡುಗೆಂಪು ಕೂತಿತ್ತು. ನೂಲಿಗೆ ಬಣ್ಣ ಹಾಕುವ ಮನೆ. ಹಂಡೆಯಿಂದ ಸಿಡಿದದ್ದು ಕಾಲಿಗೆ ಹತ್ತಿ ಹಾಗೇ ಉಳಿದಿತ್ತು. ಒದ್ದೆ ನೆಲದ ಮೇಲೆ ಓಡಾಡಿದರೂ ಒಂದು ಕೆಂಪು ಹೆಜ್ಜೆ ಮೂಡುತ್ತಿರಲಿಲ್ಲ. "ನಮ್ಮ ಬಣ್ಣ ಬಿಡೂದಿಲ್ಲ" ಎಂದು ಕಾಲೆತ್ತಿ ತೋರಿಸುತ್ತಿದ್ದಳು. ಅತ್ತಿ ಎಂದು ಕರೆಯುತ್ತಿದ್ದೆನಾದರೂ ರಕ್ತಸಂಬಂಧವಿಲ್ಲ, ಇಳಕಲ್ಲಿನಲ್ಲಿ ನಮ್ಮ ಪಕ್ಕದ ಮನೆಯಾಕೆ, ಅಷ್ಟೆ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಅತ್ತಿಯ ಒಬ್ಬಳೇ ಮಗಳು ನನ್ನ ಗೆಳತಿ. ಕಪ್ಪು ಹುಡುಗಿ. ನೋಡಲು ಬಂದ ಎರಡು ಮನೆಯವರು ಚಹಾ ಕುಡಿದು ಹೋದವರು ಮತ್ತೆ ಸುದ್ದಿ ಕಳಿಸಿರಲಿಲ್ಲ. ಈಗ ಬಾಗಲಕೋಟೆಯವರು ಬರುವವರಿದ್ದರು. ಪಡಸಾಲೆಗೆ ಸುಣ್ಣ ಹೊಡೆಸು, ಹುಡುಗಿಗೆ ಪೌಡರ್ ಹಚ್ಚು ಎಂದು ಓಣಿಯೆಲ್ಲ ಹೇಳಿತು. ಅತ್ತಿ ಎರಡನ್ನೂ ಕೇಳಲಿಲ್ಲ.

"ಬಿಳೇ ಗ್ವಾಡಿ ಮುಂದ ಕುಂಡ್ರಿಸಿದ್ರ ಮಂದಿ ಬರೇ ಬಣ್ಣ ನೋಡ್ತಾರ. ದಡಿ ಕಡು ಇದ್ರನ ಸೀರಿ ಒಡಲು ಬೆಳಗೂದು."

ಗೋಡೆಗೆ ದಾಳಿಂಬೆಯ ಕೆಂಪು ಎಂದು ಆಕೆ ನಿಶ್ಚಯಿಸಿದಳು. ಕಪ್ಪಾಗಲು ಒಂದೇ ಅದ್ದು ಬಾಕಿ ಇರುವಂಥ ಕೆಂಪು. ಆಕೆಯ ಗಂಡ, ನನಗೆ ಮಾವ, ಅಂಗಡಿಯಿಂದ ಡಬ್ಬಿ ತರಲು ಹೊರಟರೆ ತಡೆದಳು.

"ಬಣ್ಣದ ಮನ್ಯಾಗ ಡಬ್ಬಿ ಬಣ್ಣ ಏನ್ರಿ? ಮಂದಿ ನಗ್ತಾರ."

ಕೆಮ್ಮಣ್ಣು, ಹಂಡೆಯಲ್ಲಿ ಉಳಿದ ಬಣ್ಣ, ಮಗ್ಗದ ಹಾಸುನೂಲಿಗೆ ಹಚ್ಚುವ ಗಂಜಿ ಎಲ್ಲ ಕಲಸಿದಳು.

"ನೂಲಾದ್ರ ಕುದಸ್ತಿ. ಗ್ವಾಡೀನ ಹ್ಯಾಂಗ ಕುದಸ್ತಿ?" ಎಂದರು ಮಾವ.

"ಇಳಕಲ್ ಬಿಸಲೈತೆಲ್ಲ, ತಾನ ಕುದೀತೈತಿ."

ಒಣಗಿದ ಮೇಲೆ ಪಡಸಾಲೆ ಬೇರೆಯೇ ಆಯಿತು. ಕಿಟಕಿಯ ಬೆಳಕು ಆ ಗೋಡೆಯೊಳಗೆ ಇಳಿದು ಅಲ್ಲೇ ಉಳಿಯುತ್ತಿತ್ತು. ಮುಂದೆ ಇಟ್ಟ ತಾಮ್ರದ ಕೊಡ ಹೊಸದಾಗಿ ಕಂಡಿತು. ಗೆಳತಿ ನಾಚಿ ಒಳಗೆ ಓಡಿದ್ದರಿಂದ ಅತ್ತಿ ನನ್ನನ್ನೇ ಗೋಡೆಯ ಮುಂದೆ ಕೂರಿಸಿದಳು. ನಾನೂ ಕಪ್ಪೇ. ನೂಲಿನ ಲಡಿಯನ್ನು ನೋಡುವಂತೆ ತಲೆ ಓರೆ ಮಾಡಿ ನೋಡಿದಳು. "ಹಾಂ, ಮಾರಿಗಿ ಕಳಾ ಬಂತ ನೋಡ" ಎಂದು ಕನ್ನಡಿ ಕೊಟ್ಟಳು.

ಬಾಗಲಕೋಟೆಯವರು ಸುಡುವ ಮಧ್ಯಾಹ್ನ ಬಂದರು. ಹುಡುಗನ ಅಪ್ಪ ಧಡೂತಿ ಮನುಷ್ಯ, ಬೆವರಿ ಮುದ್ದೆಯಾಗಿದ್ದರು. ಗೋಡೆಗೆ ಒರಗಿ ಉಸ್ಸೆಂದು ಕೂತರು. ಗೆಳತಿ ಚಹಾ ತಂದಳು. ಲೋಟ ತೆಗೆದುಕೊಳ್ಳಲು ಅವರು ಎದ್ದು ಮುಂದೆ ಬಾಗಿದರು. ಪಕ್ಕದ ಬಾಗಿಲಲ್ಲಿ ನಿಂತಿದ್ದ ನಮಗೆಲ್ಲ ಅವರ ಬೆನ್ನು ಕಂಡಿತು. ಬಿಳಿ ಅಂಗಿಯ ಮೇಲೆ ಇಡೀ ಗೋಡೆಯೇ ಹತ್ತಿತ್ತು.

ಮಾವ ನೆಲ ನೋಡಿದರು. ಸಂಬಂಧವಷ್ಟೇ ಅಲ್ಲ, ಬಣ್ಣ ಬಿಟ್ಟ ಮನೆಗೆ ನಾಳೆ ನೂಲು ಕೊಡುವವರಾರು? ಅತ್ತಿ ಮಾತ್ರ ತನ್ನ ಕೆಂಪು ಸೆರಗನ್ನು ಚೊಂಬಿನ ನೀರಿಗೆ ಅದ್ದಿ, ಅವರ ಭುಜದ ಮೇಲೆ, ಅಂಗಿ ಇನ್ನೂ ಬೆಳ್ಳಗಿದ್ದ ಕಡೆ, ತಿಕ್ಕಿಯೇ ಬಿಟ್ಟಳು.

"ನೋಡ್ರಿ ಬೀಗರ, ಇದು ಕುದಿಸಿದ್ದು, ಬಿಡೂದಿಲ್ಲ. ಗ್ವಾಡಿ ಹಂಡೇದಾಗ ಹಿಡೀಲಿಲ್ರಿ."

"ಮಾತ ಇನ್ನೂ ಆಗಿಲ್ಲ, ಬೀಗರಂತ" ಎಂದು ಮಾವ ಗೊಣಗಿದರು.

ಆ ಮನುಷ್ಯ ಕತ್ತು ತಿರುಗಿಸಿ ಭುಜ ನೋಡಿಕೊಂಡರು. ಬರೀ ನೀರು. ಆಮೇಲೆ ಬೆನ್ನು ಮುಟ್ಟಿ ಕೈ ನೋಡಿಕೊಂಡರು, ಕೆಂಪು. ನಗಲು ಶುರು ಮಾಡಿದರು.

"ಹೋಳಿಯೊಳಗ ಗುರ್ತ ಸಿಗದಂಗ ಬಣ್ಣ ಆಡಾವ್ರು ನಾವು. ಇಷ್ಟಕ್ಕ ಎದ್ದ ಹೋಗ್ತೇವೇನ ಯವ್ವಾ?"

ಅಷ್ಟರಲ್ಲಿ ಅವರ ಹಿಂದೆ ಕೂತಿದ್ದ ಹುಡುಗನ ಮಾತು ಬಂತು: "ಅಪ್ಪಾ, ಒಂಚೂರು ಬಾಜೂಕ ಸರೀರಿ, ಕಾಣವಲ್ದು."

ಅವನು ಹಾಗೆ ಅನ್ನಲೇ ಇಲ್ಲ ಎಂದು ಗೆಳತಿ ಈಗ ವಾದಿಸುತ್ತಾಳೆ. ಅಂದಿದ್ದೆ ಎಂದು ಅವಳ ಗಂಡ. ಗೋಡೆ ಅಷ್ಟು ಕಡು ಇರಲಿಲ್ಲ, ಇಟ್ಟಂಗಿ ಬಣ್ಣ ಎಂದೂ ಅವಳ ತಕರಾರು. ಇರಬಹುದು. ನಾನು ನೆನೆದಷ್ಟೂ ಅದು ಇನ್ನೊಂದು ಅದ್ದು ಕಡುವಾಗುತ್ತ ಬಂದಿದೆ, ಕೆಂಪು ಹತ್ತಿದ ಬೆನ್ನುಗಳೂ ಹೆಚ್ಚಾಗಿವೆ. ಕನ್ನಡಿಯಲ್ಲಿ ಕಂಡ ಮುಖದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಅತ್ತಿ ತೀರಿಕೊಂಡು ಬಹಳ ಕಾಲವಾಯಿತು. ನನ್ನ ಮನೆಯ ಪಡಸಾಲೆಗೂ ಅದೇ ಕೆಂಪು ಹೊಡೆಸಿದ್ದೇನೆ, ಡಬ್ಬಿಯದು. ಮನೆ ಸಣ್ಣದಾಗಿ ಕಾಣುತ್ತದೆ ಎಂದು ಬಂದವರು ಹೇಳುತ್ತಾರೆ. ಅವರು ಒರಗಿ ಕೂತು ಎದ್ದಾಗಲೆಲ್ಲ ನಾನು ಮೆಲ್ಲಗೆ ಬೆನ್ನು ನೋಡುತ್ತೇನೆ. ಏನೂ ಹತ್ತಿರುವುದಿಲ್ಲ. ಸ್ವಲ್ಪ ನಿರಾಸೆಯಾಗುತ್ತದೆ.