ಅತ್ತೆಯ ಇರಾನಿ ಆಡು

ಚೆನ್ನೈಯ ನುಂಗಂಬಾಕ್ಕಂನ ನಮ್ಮ ಫ್ಲ್ಯಾಟಿನ ಕೆಳಗಿನ ಮಹಡಿಯಲ್ಲಿ ಒಬ್ಬರು ನಿವೃತ್ತರಿದ್ದಾರೆ. ಹಳೇ ನಾಣ್ಯ, ವಿಗ್ರಹಗಳ ನಡುವೆಯೇ ನೌಕರಿ ಮುಗಿಸಿದವರು. ಅವರನ್ನು ನಾವೆಲ್ಲ ಮ್ಯೂಸಿಯಂ ಮಾಮಾ ಎನ್ನುತ್ತೇವೆ. ಅವರು ಏಳೆಂಟು ಜನರನ್ನು ಕಟ್ಟಿಕೊಂಡು ಇರಾನಿಗೆ ಹೊರಡುವ ಸುದ್ದಿಯನ್ನು ಲಿಫ್ಟಿನಲ್ಲಿ ಕೇಳಿದ ನನ್ನ ಅತ್ತೆ, ನಮ್ಮ ಮಹಡಿ ಬರುವಷ್ಟರಲ್ಲಿ ತಾವೂ ಬರುವುದಾಗಿ ಒಪ್ಪಿಕೊಂಡುಬಿಟ್ಟಿದ್ದರು.

ಮಾವ ಕಾಫಿ ಲೋಟ ಕೆಳಗಿಡಲಿಲ್ಲ. "ಫಿಲ್ಟರ್ ಕಾಫಿ ಸಿಗದ ಊರಿಗೆ ನಾನು ಬರೋಲ್ಲ" ಎಂದರು. ನನ್ನ ಗಂಡನಿಗೆ ರಜೆ ಇಲ್ಲ. ಹಾಗಾಗಿ ಅತ್ತೆಯ ಜೊತೆಗೆ ನಾನು. ನಾನು ಮೈಸೂರಿನವಳು. ಅತ್ತೆಯ ಮನೆತನ ಮೂರು ತಲೆಮಾರಿನಿಂದ ಮದ್ರಾಸಿನದು. ಅವರ ಕನ್ನಡದಲ್ಲಿ ಅರ್ಧ ತಮಿಳು, ಆದರೆ ಕೇಳಿದರೆ ತಾವು ಮಾತಾಡುವುದೇ ಅಚ್ಚ ಕನ್ನಡ ಎನ್ನುತ್ತಾರೆ.

ಅಲ್ಲಿ ಹೆಂಗಸರು ತಲೆ ಮುಚ್ಚಬೇಕು, ಸೀರೆಯಾದರೆ ಮೇಲೊಂದು ಉದ್ದನೆಯ ಕೋಟು ಬೇಕು ಎಂದು ಮಾಮಾ ಹೇಳಿದ್ದರು. ಅತ್ತೆ ಬೀರುವಿನಿಂದ ಮಾವನ ಕಪ್ಪು ಕೋಟನ್ನು ತೆಗೆದು ಕಾಂಜೀವರಂ ಸೀರೆಯ ಮೇಲೆ ಹಾಕಿಕೊಂಡು ಕನ್ನಡಿ ಮುಂದೆ ನಿಂತರು. ಹೈಕೋರ್ಟಿಗೆ ಹೊರಟ ವಕೀಲರಂತೆ ಕಂಡರು. "ರೊಂಬ ಚೆನ್ನಾಗಿದೆ" ಎಂದು ತಾವೇ ತೀರ್ಪು ಕೊಟ್ಟುಕೊಂಡರು. ಕೋಯಂಬೇಡು ಮಾರುಕಟ್ಟೆಯಿಂದ ನಿಂಬೆಹಣ್ಣಿನ ಮೂಟೆ ತರಿಸಿ ಉಪ್ಪಿನಕಾಯಿ ಹಾಕಿದ್ದೂ ಈ ಪ್ರವಾಸಕ್ಕಾಗಿಯೇ.

ಇಸ್ಫಹಾನಿನ ನೀಲಿ ಗುಮ್ಮಟಗಳ ಕೆಳಗೆ ಮಾಮಾ ದಿನವೂ ಒಂದು ಭಾಷಣ ಓದುತ್ತಿದ್ದರು. ದಪ್ಪ ಕಾಗದದ ಕಟ್ಟು, ಒಂದೊಂದು ರಾಜವಂಶಕ್ಕೆ ಒಂದೊಂದು ಅಧ್ಯಾಯ. ಅದನ್ನು ಕೇಳಲಾಗದೆ ಅತ್ತೆ ಬಜಾರಿನ ಕಡೆ ಜಾರಿಕೊಂಡರು. ನಾನು ಹಿಂದೆ ಓಡಿದೆ. ಅಷ್ಟರಲ್ಲಿ ಕೋಟಿನ ಗುಂಡಿ ಕಿತ್ತುಹೋಯಿತು. ಅತ್ತೆ ಗುಂಡಿಯನ್ನು ಎತ್ತಿ ಹಿಡಿದು "ದರ್ಜಿ! ದರ್ಜಿ ಎಲ್ಲಿ?" ಎಂದು ಒಬ್ಬ ತಾಮ್ರದ ಅಂಗಡಿಯವನನ್ನು ಕೇಳಿದರು. ಅವನು ಎದ್ದು ನಿಂತ, ಮುಖ ಅರಳಿತು, ಎದೆಯ ಮೇಲೆ ಕೈ ಇಟ್ಟು ನಮ್ಮನ್ನು ನೇರ ಒಬ್ಬ ಸಿಂಪಿಗನ ಹತ್ತಿರ ಕರೆದುಕೊಂಡು ಹೋದ.

ನಮ್ಮ ಗೈಡ್, ಇರಾನಿನ ಹುಡುಗಿ, ಆಮೇಲೆ ನಗುತ್ತಾ ಇಂಗ್ಲಿಷಿನಲ್ಲಿ ಹೇಳಿದಳು: "ದರ್ಜಿ ಅನ್ನೋದು ನಮ್ಮ ಪದವೇ. ಆದರೆ ಈಗ ಯಾರೂ ಹಾಗೆ ಅನ್ನೋಲ್ಲ. ನಿಮ್ಮ ಅತ್ತೆ ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಥರ ಮಾತಾಡ್ತಾರೆ."

ಇಷ್ಟು ಸಾಕಾಯಿತು. ತಮಗೆ ಪಾರಸಿ ಬರುತ್ತದೆ ಎಂದು ಅತ್ತೆಗೆ ಅನ್ನಿಸಿಬಿಟ್ಟಿತು. ಖುಷಿ, ಹವಾ, ಗುಲಾಬಿ, ಬಾದಾಮಿ, ತಯಾರು ಎಂದು ನಮ್ಮ ಕನ್ನಡದ ಪದಗಳನ್ನೇ ಉದುರಿಸುತ್ತಾ ನಡೆದರು. "ಹವಾ ಖುಷಿ, ಗುಲಾಬಿ ಖುಷಿ, ನಾನು ತಯಾರು" ಎಂದು ಹೋಟೆಲಿನ ಬಾಗಿಲಲ್ಲಿ ಹೇಳಿದರೆ ಅಲ್ಲಿನವರು ಚಹಾ ತಂದುಕೊಡುತ್ತಿದ್ದರು. ನನ್ನ ಸ್ವಚ್ಛ ಇಂಗ್ಲಿಷಿಗೆ ಯಾರೂ ಏನೂ ಕೊಡಲಿಲ್ಲ.

ಯಜ್ದ್ ದಾಟಿ ಮರುಭೂಮಿಯ ಅಂಚಿನ ಒಂದು ಹಳ್ಳಿಗೆ ಹೋದೆವು. ಮಣ್ಣಿನ ಗೋಡೆಗಳು, ತಾರಸಿಯ ಮೇಲೆ ಗಾಳಿ ಹಿಡಿಯುವ ಗೋಪುರ, ಅಂಗಳದಲ್ಲಿ ದಾಳಿಂಬೆ ಗಿಡ. ಊಟಕ್ಕೆ ಕರೆದಿದ್ದ ಮನೆಯೊಡತಿಗೆ ಅತ್ತೆಯದೇ ವಯಸ್ಸು, ಅತ್ತೆಯದೇ ಗಾತ್ರ. ಗೈಡ್ ಹುಡುಗಿ ಉಳಿದವರಿಗೆ ಗೋಪುರ ತೋರಿಸಲು ತಾರಸಿ ಹತ್ತಿದಳು. ಮೊಣಕಾಲು ನೋವಿನ ಅತ್ತೆ, ಮಾಮಾ ಮತ್ತು ನಾನು ಅಂಗಳದಲ್ಲೇ ಉಳಿದೆವು.

ಬಿಳೀ ಮೈಯ, ಒಂದೇ ಕಿವಿ ಕಪ್ಪಾದ ಆಡಿನ ಮರಿಯೊಂದು ಬಂದು ಅತ್ತೆ ತೊಟ್ಟಿದ್ದ ಮಾವನ ಕೋಟಿನ ಅಂಚನ್ನು ಜಗಿಯತೊಡಗಿತು. ಅತ್ತೆ ಕರಗಿಹೋದರು. "ಅಯ್ಯೋ ಕಣ್ಣೇ! ಖುಷಿ! ರೊಂಬ ಖುಷಿ!" ಎಂದು ಅದರ ಗಲ್ಲ ಸವರಿದರು.

ಮನೆಯೊಡತಿ ಎದೆಯ ಮೇಲೆ ಕೈ ಇಟ್ಟು ಬಾಗಿ, "ಪೀಷ್‌ಕೆಷ್" ಎಂದಳು.

ಮಾಮಾ ಬೆಚ್ಚಿದರು. "ಪೇಷ್ಕಷ್! ರಾಜರು ಗೆದ್ದವರಿಗೆ ಒಪ್ಪಿಸ್ತಿದ್ದ ಕಾಣಿಕೆ. ಆರ್ಕಾಟಿನ ನವಾಬರ ಕಾಲದ ಕಾಗದಗಳಲ್ಲಿ ತುಂಬಾ ಬರುತ್ತೆ."

"ಕಾಣಿಕೆಯಾ? ನನಗಾ?" ಅತ್ತೆ ಕೋಟಿನ ಕಾಲರ್ ಸರಿಮಾಡಿಕೊಂಡರು. ಆಮೇಲೆ ತಾಂಬೂಲ ತೆಗೆದುಕೊಳ್ಳುವ ಹಾಗೆ ಎರಡೂ ಕೈ ಚಾಚಿ, ಮರಿಯನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡರು.

ಮನೆಯೊಡತಿಯ ನಗು ಅಲ್ಲೇ ನಿಂತಿತು. ಒಂದು ಕ್ಷಣ ಮರಿಯನ್ನು ನೋಡಿದಳು, ಒಂದು ಕ್ಷಣ ಅತ್ತೆಯನ್ನು. ಆಮೇಲೆ ಒಳಗೆ ಹೋಗಿ ಕೆಂಪು ಉಣ್ಣೆಯ ದಾರ ತಂದು ಮರಿಯ ಕೊರಳಿಗೆ ಕಟ್ಟಿದಳು.

ತಾರಸಿಯಿಂದ ಇಳಿದ ಗೈಡ್ ಹುಡುಗಿ ತಲೆಯ ಮೇಲೆ ಕೈ ಹೊತ್ತಳು. "ಇಲ್ಲಿ ಯಾರಾದರೂ ಏನನ್ನಾದರೂ ಹೊಗಳಿದರೆ, ಇದು ನಿಮ್ಮದೇ ಅನ್ನೋದು ಮರ್ಯಾದೆ. ನೀವು ಬೇಡ ಅನ್ನಬೇಕು. ಮತ್ತೆ ಮತ್ತೆ ಬೇಡ ಅನ್ನಬೇಕು."

ನಾನು ಅನುವಾದಿಸುವ ಮೊದಲೇ ಅತ್ತೆಗೆ ಅರ್ಥವಾಯಿತು. "ಇಷ್ಟೇ ತಾನೇ? ನಾನೂ ಮನೆಗೆ ಬಂದವರಿಗೆ ಊಟ ಮಾಡ್ಕೊಂಡೇ ಹೋಗಿ ಅಂತೀನಿ, ಕುಕ್ಕರಲ್ಲಿ ಒಂದು ಅಗುಳಿಲ್ಲದೆ ಇದ್ದರೂ. ಮೊದಲೇ ಹೇಳಬಾರದಾ?"

ಮರಿಯನ್ನು ಇಳಿಸಿ "ಬೇಡ" ಎಂದರು. ಮನೆಯೊಡತಿ ಅದನ್ನು ಮರ್ಯಾದೆಯ ಬೇಡ ಎಂದು ತಿಳಿದು ಮರಿಯ ಜೊತೆ ಒಂದು ಚೀಲ ದಾಳಿಂಬೆಯನ್ನೂ ಕೊಟ್ಟಳು. ಅತ್ತೆ ಇನ್ನೂ ಜೋರಾಗಿ "ಬೇಡವೇ ಬೇಡ" ಎಂದರು. ಮರಿಗೆ ಹೊದೆಯಲು ಕಂಬಳಿ ಬಂತು. ಅತ್ತೆ ಕೈ ಮುಗಿದರು. ಬುಟ್ಟಿ ತುಂಬ ಒಣಹುಲ್ಲು ಬಂತು. ಅವಳ ಗಂಡ ಮರಿಯನ್ನು ಎತ್ತಿಕೊಂಡು ಹೋಗಿ ನಮ್ಮ ವ್ಯಾನಿನಲ್ಲಿ ಅತ್ತೆಯ ಸೀಟಿನ ಮೇಲೆ ಕೂರಿಸಿದ.

"ಅತ್ತೆ, ಇನ್ನು ಬೇಡ ಅನ್ನಬೇಡಿ. ಮುಂದೆ ಮನೆ ಪತ್ರ ಕೊಡ್ತಾರೆ," ಎಂದೆ.

ಅಷ್ಟರಲ್ಲಿ ವ್ಯಾನಿನ ಕಡೆ ಹೋಗಿದ್ದ ಮಾಮಾ ಕೂಗಿದರು. ಮರಿ ಅವರ ಭಾಷಣದ ಕಟ್ಟಿಗೆ ಬಾಯಿ ಹಾಕಿತ್ತು. ಒಂದು ರಾಜವಂಶವನ್ನು ಪೂರ್ತಿ ಮುಗಿಸಿ ಇನ್ನೊಂದರ ಅಂಚಿನಲ್ಲಿತ್ತು. ನಮ್ಮ ಗುಂಪಿನ ಯಾರೂ ಅದನ್ನು ತಡೆಯಲು ಅವಸರ ಮಾಡಲಿಲ್ಲ.

ಅತ್ತೆ ತಮ್ಮ ಕೈಚೀಲ ತೆರೆದರು. ಯಾರ ಮನೆಗೆ ಹೋದರೂ ಅದರಲ್ಲಿ ಕುಂಕುಮದ ಭರಣಿ, ಒಂದು ರವಿಕೆ ಕಣ ಇರುತ್ತವೆ. ಮನೆಯೊಡತಿಗೆ ಕಣ ಕೊಟ್ಟರು, ಮರಿಯನ್ನು ಇಳಿಸಿಕೊಂಡು ಅದರ ಹಣೆಗೆ ಕುಂಕುಮ ಇಟ್ಟರು. ಗೈಡ್ ಹುಡುಗಿಯ ಕಡೆ ತಿರುಗಿ, "ನೀನು ಸರಿಯಾಗಿ ಹೇಳು. ಮರಿ ನನ್ನದೇ. ಒಪ್ಪಿದ್ದೀನಿ. ಆದರೆ ನಮ್ಮ ಫ್ಲ್ಯಾಟಿನಲ್ಲಿ ಗಿಳಿ ಸಾಕೋಕೂ ಬಿಡೋಲ್ಲ. ಈ ಮನೆಯಾಕೆ ನನ್ನ ತಂಗಿ ಇದ್ದ ಹಾಗೆ. ಹೆಣ್ಣುಮಗು ತವರಿನಲ್ಲೇ ಬೆಳೀಲಿ" ಎಂದರು. ನಾನು ಅದನ್ನು ಇಂಗ್ಲಿಷಿಗೆ ಎಳೆದೆ, ಹುಡುಗಿ ಪಾರಸಿಗೆ.

ಮನೆಯೊಡತಿ ಏನೋ ಹೇಳಿ ಬಾಯಿಗೆ ಸೆರಗಿನಂಥ ಬಟ್ಟೆ ಅಡ್ಡ ಹಿಡಿದಳು. ಹುಡುಗಿ ಅನುವಾದಿಸಿದಳು: "ಅದು ಗಂಡು."

"ಪರವಾಯಿಲ್ಲೈ," ಎಂದರು ಅತ್ತೆ. "ಮನೆ ಅಳಿಯನಾಗಿ ಇರಲಿ. ಆದರೆ ಅಳಿಯನನ್ನು ಯಾರೂ ಬೇಯಿಸಬಾರದು. ಅದನ್ನ ಗಟ್ಟಿಯಾಗಿ ಹೇಳು."

ಈ ಮಾತು ತಲುಪಿದಾಗ ಆ ಹೆಂಗಸು ತೊಡೆ ತಟ್ಟಿ ನಕ್ಕಳು. ಗಂಡನೂ ನಕ್ಕ. ಅವಳು ಬೆರಳಿನಿಂದ ತನ್ನ ಕಣ್ಣು ಮುಟ್ಟಿಕೊಂಡು "ಚಶ್ಮ್" ಎಂದಳು. ನಿಮ್ಮ ಮಾತು ನನ್ನ ಕಣ್ಣಿನ ಮೇಲೆ ಎಂದು ಅದರರ್ಥವಂತೆ. ಅತ್ತೆಗೆ ಕೇಳಿಸಿದ್ದು ಚಷ್ಮಾ. "ಅಯ್ಯೋ ಪಾಪ, ಕಣ್ಣು ಕಾಣಿಸಲ್ವಾ?" ಎಂದು ತಮ್ಮ ಕನ್ನಡಕ ತೆಗೆದು ಅವಳ ಮೂಗಿನ ಮೇಲೆ ಇಟ್ಟೇಬಿಟ್ಟರು. ಅವಳು ಅದರಲ್ಲೇ ತನ್ನ ದಾಳಿಂಬೆ ಗಿಡ, ಗಂಡ, ಆಕಾಶ ಎಲ್ಲವನ್ನೂ ನೋಡಿದಳು. ಅತ್ತೆಗೂ ಅವಳಿಗೂ ಒಂದೇ ನಂಬರ್ ಇರಬೇಕು. ಅತ್ತೆಯ ಹತ್ತಿರ ಇನ್ನೊಂದು ಜೊತೆ ಇದ್ದುದರಿಂದ ಅದು ಅಲ್ಲೇ ಉಳಿಯಿತು. ಹೊರಡುವಾಗ ಇಬ್ಬರೂ ಅಪ್ಪಿಕೊಂಡು ಸ್ವಲ್ಪ ಅತ್ತರು. ಯಾಕೆ ಎಂದು ನನಗೆ ಹೊಳೆಯಲಿಲ್ಲ, ಆದರೆ ನನ್ನ ಕಣ್ಣಲ್ಲೂ ನೀರು ಬಂತು.

ಈಗ ಗೈಡ್ ಹುಡುಗಿಯ ಮೂಲಕ ಅತ್ತೆಯ ಫೋನಿಗೆ ಆಡಿನ ಫೋಟೋಗಳು ಬರುತ್ತವೆ. ಕೊಂಬು ಮೂಡಿದೆ, ಗಡ್ಡ ಬಂದಿದೆ. ನನ್ನ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೂ ತಮಿಳಿನಲ್ಲೇ ಉತ್ತರ ಕೊಡುವವಳು, "ಪಾಟ್ಟಿ, ನಮ್ಮ ಆಡು ಎಪ್ಪೋ ವರುಂ?" ಎಂದು, ಆಡು ಯಾವಾಗ ಬರುತ್ತದೆ ಎಂದು ಅಜ್ಜಿಯನ್ನು ಪೀಡಿಸುತ್ತಾಳೆ. ಮಾವ ಮಾತ್ರ ಆ ಫೋಟೋಗಳನ್ನು ನೋಡುವುದಿಲ್ಲ. ಗಡ್ಡದ ಮುಖ ತಮ್ಮ ದೊಡ್ಡಪ್ಪನಂತೆ ಕಾಣುತ್ತದಂತೆ.

ಹೋದ ಮಾರ್ಗಳಿಯಲ್ಲಿ, ಅಂದರೆ ನಮ್ಮ ಧನುರ್ಮಾಸದಲ್ಲಿ, ಯಾರೋ ಪ್ರವಾಸಿಗರ ಕೈಯಲ್ಲಿ ಆ ಮನೆಯೊಡತಿ ಕಳಿಸಿದ ಒಂದು ಪೊಟ್ಟಣ ಬಂತು. ಬೂದು ಬಿಳುಪಿನ ಒರಟು ಮಫ್ಲರು, ಅದೇ ಆಡಿನ ಕೂದಲಿನದು. ಚೆನ್ನೈಯ ಚಳಿ ಎಂದರೆ ಫ್ಯಾನನ್ನು ಒಂದು ಪಾಯಿಂಟ್ ಇಳಿಸುವಷ್ಟು. ಆದರೂ ಅತ್ತೆ ಅದನ್ನು ಸುತ್ತಿಕೊಂಡು ಬೆಳಗ್ಗೆ ದೇವಸ್ಥಾನಕ್ಕೆ ಹೊರಟರು. ಕುತ್ತಿಗೆ ಕಡಿಯುತ್ತಿತ್ತು, ಬೆವರು ಇಳಿಯುತ್ತಿತ್ತು. ಪೊಂಗಲಿನ ಸಾಲಿನಲ್ಲಿ ಮುಂದಿದ್ದವರು ತಿರುಗಿ, "ಶಾಲು ಎಲ್ಲಿ ತಗೊಂಡ್ರಿ ಮಾಮಿ?" ಎಂದರು.

"ತಗೊಳ್ಳೋದೇನು, ನಮ್ಮನೆ ಅಳಿಯನದು," ಎಂದು ಅತ್ತೆ ಕುತ್ತಿಗೆ ಕೆರೆದುಕೊಳ್ಳುತ್ತಾ ಸಾಲಿನಲ್ಲಿ ಮುಂದೆ ಸರಿದರು.