ಅಳತೆ ಬಲ್ಲ ಹೆಬ್ಬೆರಳು

ಬಳೆಗಾರ ಆಯಿಯ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿತ್ತು. ಬೇರೆಯವರ ಕೈಗೆಣ್ಣು ಒತ್ತಿ ಒತ್ತಿ ಹಾಗಾದದ್ದು. ಬೆರಳ ತುದಿಗಳ ತುಂಬ ಗಾಜು ಗೀರಿದ ಸಣ್ಣ ಬಿಳಿ ಗೆರೆಗಳು. ಆ ಕೈಯ ಮಣಿಕಟ್ಟು ಮಾತ್ರ ಬರಿದು. ಗಂಡ ತೀರಿಕೊಂಡ ಮೇಲೆ ಅವನ ಬಳೆಪೆಟ್ಟಿಗೆಯನ್ನು ತಾನೇ ಹೊತ್ತಳು, ಊರ ಹೆಂಗಸರಿಗೆಲ್ಲ ಬಳೆ ಇಟ್ಟಳು. ತಾನು ಒಂದನ್ನೂ ಇಟ್ಟುಕೊಳ್ಳಲಿಲ್ಲ.

ಪ್ರತಿ ಗುರುವಾರ ತಳಕಲ್ಲಿನಿಂದ ಟಂಟಂ ಹತ್ತಿ ಕುಕನೂರಿಗೆ ಬರುತ್ತಿದ್ದಳು. ನಮ್ಮ ಓಣಿಯ ಕೆಲವು ಮನೆಗಳಲ್ಲಿ ಆಕೆಯನ್ನು ಕರೆಯುತ್ತಿರಲಿಲ್ಲ. ಬೋಳುಗೈಯವಳ ಕೈಯಿಂದ ಬಳೆ ಇಡಿಸಿಕೊಳ್ಳಬಾರದು ಎಂಬುದು ಅವರ ಲೆಕ್ಕ. ನಮ್ಮ ಅತ್ತೆ ಮಾತ್ರ, "ಬಳಿ ಇರಬೇಕಾದ್ದು ನನ್ನ ಕೈಯಾಗ. ಆಕಿ ಕೈ ನೋಡಿ ನಾ ಏನು ಮಾಡ್ಲಿ" ಎಂದು ಆಕೆಯನ್ನು ಪಡಸಾಲೆಯಲ್ಲೇ ಕೂರಿಸಿ ಚಹಾ ಕೊಡುತ್ತಿದ್ದರು.

ಆಯಿ ಯಾರ ಅಳತೆಯನ್ನೂ ಕೇಳುತ್ತಿರಲಿಲ್ಲ. ಕೈ ಹಿಡಿದು ಒಮ್ಮೆ ಒತ್ತಿದರೆ ಸಾಕು. ಒಮ್ಮೆ ಒತ್ತಿದ ಕೈಯನ್ನು ಮರೆಯುತ್ತಲೂ ಇರಲಿಲ್ಲ.

"ಯುಗಾದಿಗೆ ಇಟ್ಟಾಗ ಇಷ್ಟು ಸೊರಗಿದ್ದಿಲ್ಲಲ್ಲ ಈ ಕೈ," ಎಂದು ನನಗೆ ಹೇಳಿ, ದನಿ ಎತ್ತರಿಸುವಳು, "ಅತ್ತಿ ರೊಟ್ಟಿ ಕಡಿಮಿ ಹಾಕತಾಳೇನ?"

ಅಡುಗೆಮನೆಯಿಂದ ಅತ್ತೆ, "ಕೇಳತೈತಿ ನನಗ."

"ಕೇಳ್ಲಿ ಅಂತನ ಅಂದೆ, ಅಕ್ಕಾರ."

ನಾನು ಬಸುರಿ ಎಂಬುದು ನನಗಿಂತ ಮೊದಲು ಆಕೆಗೆ ಗೊತ್ತಾಗಿತ್ತು. ಹಸಿರು ಬಳೆ ಕೈಯಲ್ಲಿ ಹಿಡಿದವಳು ಅದನ್ನು ಪೆಟ್ಟಿಗೆಗೆ ಹಾಕಿ ಒಂದಳತೆ ದೊಡ್ಡದು ತೆಗೆದಳು. "ಬಾಯಿ ಒಂದು ಹೇಳತೈತಿ, ಕೈ ಇನ್ನೊಂದು ಹೇಳತೈತಿ. ನಾ ಕೈ ಮಾತು ಕೇಳಾಕಿ," ಎಂದಷ್ಟೇ ಹೇಳಿದಳು.

ಮಗಳಿಗೆ ಒಂದೂವರೆ ವರ್ಷವಾದಾಗ ಮುಂಚಿನ ಬಳೆ ಬಿಗಿಯಾಗಿ, ಹೊಸ ಕರಿಬಳೆ ಇಡಿಸಿದೆವು, ದೃಷ್ಟಿ ತಾಗದಿರಲೆಂದು ಕೈಗೊಂದರಂತೆ. ಇಟ್ಟ ಮೇಲೆ ಆಯಿ ತನ್ನ ಕಿರುಬೆರಳನ್ನು ಬಳೆಯೊಳಗೆ ತೂರಿಸಿ ಸುತ್ತ ತಿರುಗಿಸಿದಳು. ಕೂಸಿನ ಬಳೆಯೊಳಗೆ ಕಿರುಬೆರಳು ಆಡಬೇಕು ಎಂಬುದು ಆಕೆಯ ಕಟ್ಟಳೆ. ಮಗಳು ಕಚಗುಳಿಯಾಗಿ ನಕ್ಕಳು. ಅದು ಗುರುವಾರ. ಶುಕ್ರವಾರ ಬೆಳಿಗ್ಗೆ ಕೂಸಿನ ಮೈ ಕೆಂಡವಾಗಿತ್ತು.

ಎರಡು ದಿನ ಸಿರಪ್ ಕೊಟ್ಟೆವು. ಮೂರನೆಯ ದಿನ ಹೊಟ್ಟೆ ಬೆನ್ನಿನ ಮೇಲೆ ಕೆಂಪು ದದ್ದು ಎದ್ದವು. ಅತ್ತೆ ಅಂಗಿ ಎತ್ತಿ ನೋಡಿ, ಕೈಮುಗಿದರು. "ಅಮ್ಮ ಬಂದಾಳ. ಇನ್ನ ಔಷಧ ಬ್ಯಾಡ."

ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದ್ದಾಯಿತು, ಕೂಸಿನ ಹಾಸಿಗೆಗೂ ಬೇವು. ಮನೆಯಲ್ಲಿ ಒಗ್ಗರಣೆ ನಿಂತಿತು. ಹೊರಗಿನವರು ಒಳಗೆ ಬರುವಂತಿಲ್ಲ, ಸೂಜಿ ಚುಚ್ಚಿಸುವಂತಿಲ್ಲ. ಅತ್ತೆ ಕಠಿಣ ಮನಸ್ಸಿನವರಲ್ಲ. ಅವರ ಎರಡನೆಯ ಮಗನಿಗೆ ಹೀಗೇ ಮೈ ಎದ್ದಾಗ ಇಂಜೆಕ್ಷನ್ ಕೊಡಿಸಿದ್ದರಂತೆ. ಆ ಕೂಸು ಮರುದಿನ ಉಳಿಯಲಿಲ್ಲ. ಸೂಜಿಯಿಂದಲೇ ಹೋಯಿತು ಎಂದು ಅವರು ನಂಬಿದ್ದರು. ನನ್ನ ಯಜಮಾನರು ತಾಯಿಯ ಮುಖ ನೋಡಿ, "ಎರಡು ದಿನ ನೋಡೂಣು" ಎಂದರು. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಕಲಿತವಳು. ಲಸಿಕೆಯ ಕಾರ್ಡು ತೆಗೆದು ನೋಡಿದೆ, ದಡಾರದ ಸೂಜಿ ಎರಡೂ ಆಗಿದ್ದವು. ಆ ಕಾರ್ಡನ್ನು ಅತ್ತೆಯ ಮುಂದೆ ಹಿಡಿದು, ಇದು ದಡಾರ ಆಗಿರಲಿಕ್ಕಿಲ್ಲ ಎಂದು ಒಂದು ಮಾತು ಆಡಬಹುದಿತ್ತು. ಆಡದೆ, ಮಡಚಿ ಕಪಾಟಿನಲ್ಲಿಟ್ಟೆ.

ಜ್ವರ ಇಳಿಯಲಿಲ್ಲ. ಕಣ್ಣು ಕೆಂಪಗಾದವು, ಪಿಸುರು ಮಾತ್ರ ಇರಲಿಲ್ಲ. ತುಟಿ ಒಡೆದು ರಕ್ತ ಜಿನುಗಿತು. ಎತ್ತಿಕೊಂಡರೆ ಅಳು, ಇಳಿಸಿದರೆ ಅಳು. ಐದನೆಯ ದಿನ, ಯಾರ ಮೇಲಾದರೂ ಹಾಕಿದರೆ ಎದೆ ಹಗುರಾದೀತು ಎಂಬಂತೆ, ನನ್ನ ಬಾಯಿಂದಲೇ ಆ ಮಾತು ಬಂತು.

"ಗುರುವಾರ ಆಯಿ ಬಳಿ ಇಟ್ಲು, ಶುಕ್ರವಾರ ಜ್ವರ ಬಂತು. ಆ ಕೈಲೆ ಇಡಿಸಬಾರದಿತ್ತೇನೋ, ಅತ್ತೀ."

ವರ್ಷಗಟ್ಟಲೆ ಓಣಿಯವರ ಮಾತಿಗೆ ಕಿವಿಗೊಡದ ಅತ್ತೆ, ಅಂದು ನನ್ನ ಮಾತಿಗೆ ಕಿವಿಗೊಟ್ಟರು.

ಏಳನೆಯ ದಿನ ಗುರುವಾರ. ಆಯಿ ಎಂದಿನಂತೆ ಬಂದು ಬೇವಿನ ತೊಪ್ಪಲು ನೋಡಿ ಹೊಸ್ತಿಲಾಚೆಯೇ ನಿಂತಳು. ಅತ್ತೆ ಹೊರಗೆ ಹೋದರು. ನಾನು ಒಳಗಿನಿಂದ ಕೇಳುತ್ತಿದ್ದೆ.

"ಒಳಗ ಬರಬ್ಯಾಡ. ನಿನ್ನ ಕೈ ಕಂಡ್ರ ಸೊಸಿಗೆ ಹೆದರಿಕಿ ಆಗೈತಿ."

ಆಮೇಲೆ ಪೆಟ್ಟಿಗೆ ಕೆಳಗಿಟ್ಟ ಸಪ್ಪಳ. "ಹಂಗಾರ ನಾ ಇಟ್ಟ ಬಳಿ ನಾನ ತಕ್ಕೊಂಡು ಹೋಗತೀನಿ, ಅಕ್ಕಾರ. ನಿಮ್ಮ ಸೊಸಿಗೆ ಹೆದರಿಕಿ ಬ್ಯಾಡ. ಕೂಸಿನ್ನ ಇಲ್ಲೆ ತರ್ರಿ."

ಆಕೆಯ ಮುಖ ನೋಡಲಾಗದೆ ತಲೆ ತಗ್ಗಿಸಿಕೊಂಡೇ ಮಗಳನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದೆ. ಆಯಿ ಕೂಸಿನ ಕೈ ಹಿಡಿದಳು. ಕಿರುಬೆರಳನ್ನು ಬಳೆಯೊಳಗೆ ತೂರಿಸಲು ಹೋದಳು, ಹೋಗಲಿಲ್ಲ. ಇನ್ನೊಂದು ಕೈಗೂ ಹೋಗಲಿಲ್ಲ. ಅಂಗೈ ಹಿಂಭಾಗ ಒತ್ತಿದಳು, ಪಾದ ಒತ್ತಿದಳು. ನಾನು ಕಣ್ಣು ನೋಡಿದ್ದೆ, ತುಟಿ ನೋಡಿದ್ದೆ, ಕೈ ನೋಡಿರಲಿಲ್ಲ. ಬಳೆ ಚರ್ಮದಲ್ಲಿ ಹೂತು ಕೂತಿತ್ತು.

"ಅಕ್ಕಾರ, ಎಂಟು ದಿನದಾಗ ಯಾ ಕೂಸಿನ ಕೈನೂ ಬೆಳಿಯೂದಿಲ್ಲ. ಇದು ಬಾವು. ಅಮ್ಮ ಬಂದ ಕೈ ನಾ ಎಷ್ಟೋ ಹಿಡದೀನಿ. ಅಮ್ಮ ಚರ್ಮದ ಮ್ಯಾಲ ಆಡತಾಳ, ಕೈ ಹಿಂಗ ಊದಸೂದಿಲ್ಲ. ಇದು ಬ್ಯಾರೆ ಏನೋ ಐತಿ."

"ಡಾಕ್ಟರಗಿಂತ ಶಾಣ್ಯಾಕಿ ಆದೇನ ನೀನು?" ಎಂದರು ಅತ್ತೆ.

"ನಾ ಶಾಣ್ಯಾಕಿ ಅಲ್ಲ. ಅದಕ್ಕ ಡಾಕ್ಟರ ಕಡೆ ಹೋಗ್ರಿ ಅನ್ನಾಕತ್ತೀನಿ. ಅಡಕತ್ತರಿ ಕೊಡ್ರಿ ಇಲ್ಲೆ. ಬಳಿ ಜಾರೂದಿಲ್ಲ, ಒಡಿಬೇಕು."

ಅಮ್ಮ ಇರುವ ಮನೆಯಲ್ಲಿ ಬಳೆ ಒಡೆಯುವುದೆಂದರೆ ಎಂಥ ಅಪಶಕುನ ಎಂದು ಆ ಇಬ್ಬರಿಗೂ ಗೊತ್ತಿತ್ತು. ಅತ್ತೆ ನನ್ನ ಮುಖ ನೋಡಿದರು, ಕೂಸಿನ ಕೈ ನೋಡಿದರು. ಎಲೆಚೀಲದಿಂದ ಅಡಕತ್ತರಿ ತೆಗೆದು ಕೊಟ್ಟು ಗೋಡೆ ಕಡೆ ತಿರುಗಿ ನಿಂತರು. ಆಯಿ ಸೆರಗಿನ ಚುಂಗು ಹರಿದು ಬಳೆಯ ಕೆಳಗೆ ನವಿರಾಗಿ ತೂರಿಸಿ, ಒಮ್ಮೆ ಒತ್ತಿ ಒಡೆದಳು, ಇನ್ನೊಂದು ಕೈಯದನ್ನೂ ಹಾಗೆಯೇ. ಒಂದು ಗೀರೂ ಆಗಲಿಲ್ಲ. ಚೂರುಗಳನ್ನು ಉಡಿಯಲ್ಲಿ ಕಟ್ಟಿಕೊಂಡು, "ಕೆಟ್ಟದ್ದೇನಾರ ಇದ್ರ ನನ್ನ ಸಂಗಾಟ ಬರ್ಲಿ" ಎಂದಳು.

ಕೊಪ್ಪಳಕ್ಕೆ ಹೊರಟ ಕಾರಿನಲ್ಲಿ ಆಯಿ ತಳಕಲ್ಲಿನವರೆಗೆ ನಮ್ಮ ಜೊತೆ ಬಂದಳು. ನಾನು ಪಕ್ಕದಲ್ಲೇ, ಕೂಸಿನ ಕೈಯನ್ನೇ ನೋಡುತ್ತ ಕೂತಿದ್ದೆ. ಇಳಿಯುವಾಗ ಆಕೆಯೇ ಕಿಟಕಿಗೆ ಬಗ್ಗಿ, "ಡಾಕ್ಟರಿಗೆ ಮೊದಲ ಕೈ ತೋರಸು, ತಂಗಿ. ದದ್ದು ಆಮ್ಯಾಲ" ಎಂದಳು.

ಕೊಪ್ಪಳದ ಮಕ್ಕಳ ಡಾಕ್ಟರಿಗೆ ಹಾಗೆಯೇ ತೋರಿಸಿದೆ. ಅವರು ನಾಲಗೆ ನೋಡಿದರು, ಕತ್ತಿನ ಗಂಟು ಮುಟ್ಟಿದರು, ಮತ್ತೆ ಕೈಗೇ ಬಂದರು. "ಜ್ವರ ಬಂದು ಎಷ್ಟು ದಿನ ಆತ್ರಿ?"

"ಏಳು."

"ಇದು ಅಮ್ಮ ಅಲ್ಲ. ಯಾಕ ಬರತೈತಿ ಅನ್ನೂದು ನಮಗೂ ಪೂರಾ ಗೊತ್ತಿಲ್ಲ. ಆದ್ರ ಹತ್ತು ದಿನದೊಳಗ ಔಷಧ ಹೋಗಬೇಕು, ಇಲ್ಲಂದ್ರ ಹೃದಯದ ರಕ್ತನಾಳ ಊದಬಹುದು. ಈಗಿಂದೀಗ ಹುಬ್ಬಳ್ಳಿಗೆ ನಡೀರಿ."

ಹುಬ್ಬಳ್ಳಿಯಲ್ಲಿ ಆ ಔಷಧದ ಬಾಟಲಿ ಹನಿ ಹನಿಯಾಗಿ ಇಳಿಯುವವರೆಗೆ ಅತ್ತೆ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಿದ್ದರು. ಮರುದಿನ ಜ್ವರ ಇಳಿಯಿತು. ಎದೆಯ ಸ್ಕ್ಯಾನಿನಲ್ಲಿ ಒಂದು ರಕ್ತನಾಳ ಆಗಲೇ ತುಸು ಹಿಗ್ಗಿತ್ತು. ಇನ್ನೂ ಮೂರು ದಿನ ತಡವಾಗಿದ್ದರೆ ಎಂದು ನಾನು ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ. ಮುಂದಿನ ವಾರ ಮಗಳ ಬೆರಳ ತುದಿಯ ಚರ್ಮ ಉಳ್ಳಾಗಡ್ಡಿ ಸಿಪ್ಪೆಯಂತೆ ಸುಲಿದು, ಕೆಳಗೆ ಹೊಸ ಚರ್ಮ ಬಂತು.

ನಾವು ಮರಳಿದ ಮೇಲಿನ ಗುರುವಾರ ಆಯಿ ಬಂದಳು, ಹೊಸ್ತಿಲಾಚೆ ನಿಂತಳು. ಅತ್ತೆ ಹೋಗಿ ಆಕೆಯ ಪೆಟ್ಟಿಗೆಯನ್ನು ತಾವೇ ಎತ್ತಿ ತಂದು ಪಡಸಾಲೆಯಲ್ಲಿಟ್ಟರು. ಅವರು ಕ್ಷಮೆ ಕೇಳಿದ್ದು ಹಾಗೆ. ನಾನು ಹೋಗಿ ಆಕೆಯ ಮುಂದೆ ಕೂತು ಕೈ ಚಾಚಿದೆ.

ಆಯಿ ಕೈ ಹಿಡಿಯಲಿಲ್ಲ. "ನನ್ನ ಕೈಲೆ ಇಡಸ್ಕೋತೀ? ಹೆದರಿಕಿ ಹೋತೇನ?"

ಶಾಲೆಯಲ್ಲಿ ಸಿಸ್ಟರುಗಳು ಕಾಲು ತಾಗಿದರೂ, ಪೆನ್ಸಿಲ್ ಬಿದ್ದರೂ 'ಸಾರಿ' ಹೇಳಿಸುತ್ತಿದ್ದರು. ಅಷ್ಟು ಸಲ ಹೇಳಿದ ನಾಲಗೆಗೆ ಆ ದಿನ 'ತಪ್ಪಾತು' ಎಂಬುದು ಬರಲಿಲ್ಲ. ಚಾಚಿದ ಕೈ ಚಾಚಿದಂತೆಯೇ ಇತ್ತು. ಕೊನೆಗೆ ಆಯಿ ಅದನ್ನು ಹಿಡಿದು ಒತ್ತಿ, "ಭಾಳ ಸೊರಗೀದಿ" ಎಂದಳು. ರೊಟ್ಟಿಯ ಮಾತು ಆಡಲಿಲ್ಲ.

ಆಮೇಲೂ ವರ್ಷಗಟ್ಟಲೆ ಬಂದಳು. ಪ್ರತಿ ಸಲ ಮೊದಲು ಮಗಳ ಕೈ ಹಿಡಿದು ಒತ್ತಿ ನೋಡುತ್ತಿದ್ದಳು. ಅವಳಿಗೆ ಬಳೆ ಮಾತ್ರ ತಾನಾಗಿ ಎಂದೂ ಇಡಲಿಲ್ಲ. ನಾನಾಗಿ ಇಡಿ ಎನ್ನಲಿ ಎಂದು ಕಾದಳೋ ಏನೋ. ನಾನು ಹೇಳಬೇಕೆಂದುಕೊಂಡೇ ಗುರುವಾರಗಳನ್ನು ಕಳೆದೆ.

ಹೋದ ವರ್ಷ ಎರಡು ಗುರುವಾರ ಆಕೆ ಬರಲಿಲ್ಲ. ಮೂರನೆಯದಕ್ಕೆ ನಾನೇ ಮಗಳನ್ನು ಕರೆದುಕೊಂಡು ತಳಕಲ್ಲಿಗೆ ಹೋದೆ. ಆಯಿ ತೀರಿಕೊಂಡು, ದಿನ ಕರ್ಮ ಎಲ್ಲ ಮುಗಿದಿದ್ದವು. ಬಳೆಪೆಟ್ಟಿಗೆ ಮಾಡಿನ ಕೆಳಗಿತ್ತು. ಆಯಿಯ ಸೊಸೆ ಚಾಪೆ ಹಾಸಿದಳು. ನಾನು ಯಾರೆಂದು ಹೇಳಿ, ಇಷ್ಟು ವರ್ಷ ಆಡದ ಮಾತನ್ನು ಆಕೆಯ ಮುಂದೆ ಆಡಿದೆ: ಆಯಿಯ ಕೈ ಬಗ್ಗೆ ನಾನು ಅಂದದ್ದು, ಹೊಸ್ತಿಲಾಚೆ ನಿಲ್ಲಿಸಿದ್ದು.

ಅವಳು ಅಚ್ಚರಿಯಿಂದ ನನ್ನನ್ನೇ ನೋಡಿದಳು. "ನಮ್ಮ ಅತ್ತಿ ಅದೇನೂ ಹೇಳೇ ಇಲ್ಲಲ್ರಿ. ಕುಕನೂರಾಗ ಒಂದು ಕೂಸಿನ ಕೈ ಬಾತಿತ್ತು, ಛಲೋ ಆತು ಅಂತಷ್ಟ ಹೇಳಿದ್ಲು." ಮತ್ತೆ ಮಗಳ ಕಡೆ ನೋಡಿ, "ಇದ ಏನ್ರಿ ಆ ಕೂಸು?" ಎಂದಳು.

ಮಗಳು ತಾನಾಗಿಯೇ ಕೈ ಮುಂದೆ ಮಾಡಿದಳು.

ಮಗಳೀಗ ಎರಡನೆಯ ಇಯತ್ತೆ. ವರ್ಷಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಎದೆ ತೋರಿಸಿಕೊಂಡು ಬರುತ್ತೇವೆ. ಎಲ್ಲ ಸರಿಯಿದೆ ಎನ್ನುತ್ತಾರೆ, ಮುಂದಿನ ವರ್ಷವೂ ಬರ್ರಿ ಎನ್ನುತ್ತಾರೆ. ಅವಳಿಗೆ ಮೈ ಬಿಸಿಯಾದರೆ ನಾನು ಹಣೆ ಮುಟ್ಟುವುದಿಲ್ಲ. ಮೊದಲು ಕೈ ಹಿಡಿದು ಗೆಣ್ಣು ಒತ್ತುತ್ತೇನೆ, ಬಳೆಯಿಲ್ಲದ ಮಣಿಕಟ್ಟಿನ ಸುತ್ತ ಕಿರುಬೆರಳು ಆಡಿಸುತ್ತೇನೆ. ನನ್ನ ಹೆಬ್ಬೆರಳು ಆಯಿಯದರಷ್ಟು ಬಾಗುವುದಿಲ್ಲ.